ರಿವಾಲ್ವರಿಗೆ ಎಣ್ಣೆಸ್ನಾನ

ಗಾಬರಿಯಾಗುವುದಕ್ಕೆ ನನಗೆ ದೊಡ್ಡ ಕಾರಣ ಬೇಕಿಲ್ಲ. ಕುಕ್ಕರು ಕೂಗಿದರೆ ಸಾಕು, ಕೈಯಲ್ಲಿದ್ದ ಸೌಟು ಬೀಳುತ್ತದೆ. ಊರ ಶಾಲೆಯಲ್ಲಿ ಮಾಸ್ಟ್ರು ಹೆಸರು ಕರೆದಾಗ ಹಾಜರು ಎನ್ನಲು ನಾಚಿ, ಬೆಂಚಿನ ಮೇಲೆ ಕೂತೇ ಗೈರುಹಾಜರಾದವಳು ನಾನು. ಅಂಥವಳನ್ನು ನೀವು ಮಕ್ಕಳು ಗೆಳೆಯರ ಮುಂದೆ “ನಮ್ಮ ಅಜ್ಜಿ ಗನ್ ಎಕ್ಸ್‌ಪರ್ಟ್” ಎಂದು ಹೊಗಳುತ್ತೀರಿ. ಕೇಳಿದಾಗಲೆಲ್ಲ ನನಗೆ ಮೈ ಹಿಡಿಯಾಗುತ್ತದೆ. ಆದ್ದರಿಂದ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಆಗ ನಾವು ಅರಬರ ನಾಡಿನ ಖಲೀಫಾ ಸಿಟಿಯಲ್ಲಿದ್ದೆವು, ನೀವಿನ್ನೂ ಚಿಕ್ಕವರು. ನಿಮ್ಮಪ್ಪ ಸುಧಾಕರ ಊರ ಹೊರಗಿನ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಅಲ್ಲಿಗೆ ಹಳೆಯ ಕಾಲದ ಮಾದರಿಯ ಒಂದು ಹೊಸ ರಿವಾಲ್ವರ್ ಬಂತು. ಅದಕ್ಕೆ ತೋಟೆ ಇಲ್ಲ. ಆರು ಗೂಡುಗಳಿಗೂ ಕರಿಮದ್ದು ಸುರಿದು, ಸೀಸದ ಗುಂಡು ಒತ್ತಿ, ಹಿಂದುಗಡೆ ಕಿಡಿ ಹೊತ್ತಿಸುವ ಕೇಪು ಸಿಕ್ಕಿಸಬೇಕು. ಶುಕ್ರವಾರ ಮಾಲೀಕರ ಅತಿಥಿಗಳ ಮುಂದೆ ಇವನೇ ಹೊಡೆದು ತೋರಿಸಬೇಕಿತ್ತು. ಚೆನ್ನಾಗಿ ನಡೆದರೆ ಆ ವಿಭಾಗ ಇವನ ಕೈಗೆ. ಇಲ್ಲವಾದರೆ ಬೇರೆಯವನನ್ನು ತರಿಸುತ್ತಾರಂತೆ. ವೀಸಾ ಬೇರೆ ಅದೇ ತಿಂಗಳು ಹೊಸತಾಗಬೇಕಿತ್ತು. “ನೀನೂ ಬಾ ಅಮ್ಮ. ಅಪ್ಪನ ಕೇಪಿನ ಕೋವಿ ಕಂಡವಳಲ್ವಾ, ನೀನಿದ್ರೆ ನಂಗೊಂದು ಧೈರ್ಯ,” ಎಂದ. ನನ್ನಿಂದ ಧೈರ್ಯ! ಆಗಲೇ ನನಗೆ ಬೆವರಿತ್ತು.

ಕ್ಲಬ್ಬಿನ ಕೋಣೆಯಲ್ಲಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ರಿವಾಲ್ವರನ್ನು ಮಲಗಿಸಿದ್ದ. ಕಾರ್ಖಾನೆಯ ಎಣ್ಣೆಯನ್ನು ಬೆಳಗಿನಿಂದ ಒರೆಸಿ ಒರೆಸಿ ಒಣಗಿಸಿದ್ದನಂತೆ. ನನ್ನ ಕಣ್ಣಿಗೆ ಅದು ಹಬ್ಬದ ದಿನವೂ ತಲೆಗೆ ಎಣ್ಣೆ ಕಾಣದ ಮಗುವಿನಂತೆ ಕಂಡಿತು. ಹೊಸ ಕಾರಿಗೆ ಲಿಂಬೆಹಣ್ಣು, ಹೊಸ ಮಿಕ್ಸಿಗೆ ಹೂವು, ಇದಕ್ಕೆ ಮಾತ್ರ ಏನೂ ಇಲ್ಲವೇ? ಅಷ್ಟರಲ್ಲಿ ಅವನಿಗೆ ಫೋನು ಬಂತು. ಕಿಟಕಿಯ ಕಡೆ ತಿರುಗಿ ಮಾತಿಗೆ ನಿಂತ. ನನ್ನ ಕೈಚೀಲದಲ್ಲಿ ತೆಂಗಿನೆಣ್ಣೆಯ ಪುಟ್ಟ ಶೀಶೆ, ಕುಂಕುಮದ ಪೊಟ್ಟಣ ಎಂದೂ ಇರುತ್ತವೆ. ನಿಮ್ಮಜ್ಜ ಹೋದ ಮೇಲೆ ನಾನು ಕುಂಕುಮ ಇಟ್ಟುಕೊಂಡಿಲ್ಲ. ಆದರೆ ಕಬ್ಬಿಣಕ್ಕೂ ಇಡಬಾರದೆಂದು ಯಾರೂ ಹೇಳಿಲ್ಲವಲ್ಲ! ಗೂಡಿಗೆ ಎರಡೆರಡು ಹನಿ ಎಣ್ಣೆ ಬಿಟ್ಟು, ಹಿಡಿಗೆ ಒಂದು ಬೊಟ್ಟಿಟ್ಟೆ.

ಅತಿಥಿಗಳು ಬಂದರು. ಸುಧಾಕರ ಮದ್ದು ತುಂಬಿ, ಗುರಿ ಹಿಡಿದು, ಕುದುರೆ ಎಳೆದ. ಟಪ್. ಅಷ್ಟೇ. ಕೇಪು ಸಿಡಿಯಿತು, ಗುಂಡು ಹೊರಡಲಿಲ್ಲ. ತಡವಾಗಿ ಸಿಡಿದೀತೆಂದು ಅಲುಗದೆ ಗುರಿಯತ್ತಲೇ ಹಿಡಿದು ಕಾದ. ಮತ್ತೆ ಟಪ್. ಆರೂ ಟಪ್. “ಕ್ಯಾ ಸುಧಾಕರ್, ಖಲಾಸ್?” ಎಂದರು ಮಾಲೀಕರು. ಯಾರೋ ನಕ್ಕರು. ನಿಮ್ಮಪ್ಪನ ಕುತ್ತಿಗೆ ಕೆಂಪಾಯಿತು. ಊರಲ್ಲಿ ಪ್ರತಿ ಆಯುಧಪೂಜೆಗೆ ಕೋವಿಗೆ ಎಣ್ಣೆ ಹಾಕುತ್ತಿದ್ದವಳು ನಾನೇ. ಮರುದಿನ ಅದನ್ನು ಒರೆಸಿ, ಬರೀ ಕೇಪು ಹೊಡೆದು ಒಣಗಿಸುತ್ತಿದ್ದವರು ನಿಮ್ಮಜ್ಜ. ನಾನು ಹಾಕಿದ ಎಣ್ಣೆಯನ್ನು ಒಣಗಿಸಲು ಈಗ ಅವರಿಲ್ಲ ಎಂಬುದು ಆ ಆರನೆಯ ಟಪ್ಪಿನವರೆಗೆ ನನಗೆ ಹೊಳೆದಿರಲಿಲ್ಲ.

ಅಷ್ಟು ಗಂಡಸರ ಮುಂದೆ ಎದ್ದು ನಿಂತೆ. “ಮಗಾ, ಮದ್ದೆಲ್ಲ ತೆಗಿ. ಒಳಗೆ ಪಸೆ ಉಂಟು. ಚೆಂದ ಒರೆಸಿ, ಮದ್ದು ಹಾಕದೆ ಬರೀ ಕೇಪು ಹೊಡಿ. ನೆಲದ ಮೇಲೆ ಒಂದು ಒಣಗರಿಕೆ ಇಟ್ಟು, ನಳಿಗೆಯ ಬಾಯಿ ಅದಕ್ಕೆ ಹಿಡಿದು ನೋಡು. ಅದು ಹಾರಿದ್ರೆ ದಾರಿ ಬಿಟ್ಟಿತು ಅಂತ. ಅಪ್ಪ ಹಾಗೇ ಮಾಡ್ತಿದ್ದದ್ದು.” ಪಸೆ ಎಲ್ಲಿಂದ ಬಂತೆಂದು ಹೇಳಲಿಲ್ಲ. ಮಾಲೀಕರು ಎರಡು ಸಲ ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು. ಗರಿಕೆ ಹಾರಿತು. ಆಮೇಲೆ ಢಂ ಎಂದಿತಂತೆ, ಬಿಳಿ ಹೊಗೆ ಛಾವಣಿ ಮುಟ್ಟಿತಂತೆ. ನಾನು ಕಣ್ಣು ಕಿವಿ ಎರಡನ್ನೂ ಮುಚ್ಚಿಕೊಂಡಿದ್ದೆ. ಮಾಲೀಕರು ಬಂದು ತಮ್ಮ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು. ನಾನು ಕಳ್ಳಿಯ ಹಾಗೆ ನೆಲ ನೋಡಿದೆ. ಅದನ್ನು ಅವರು ವಿನಯವೆಂದುಕೊಂಡರು.

ವಿಭಾಗವೂ ಸಿಕ್ಕಿತು, ವೀಸಾವೂ ಹೊಸತಾಯಿತು. ಹಿಂದಿರುಗುವಾಗ ಕಾರಿನಲ್ಲಿ ನಿಮ್ಮಪ್ಪ ಕೇಳಿದ: “ಅಮ್ಮ, ಆ ಹೊಗೆಯಲ್ಲಿ ದೋಸೆ ಕಾವಲಿ ವಾಸನೆ ಬಂತಲ್ಲ, ನಿಂಗೂ ಬಂತಾ?”

“ನಂಗೆ ನೆಗಡಿ ಮಾರಾಯ.”

“ಹಿಡಿಯಲ್ಲಿ ಕುಂಕುಮ ಇತ್ತು. ಅದಕ್ಕೂ ನೆಗಡಿಯಾ?”

ನಾನು ಕಿಟಕಿಯಾಚೆ ಮರಳು ನೋಡಿದೆ. ಅಂದಿನಿಂದ ಮನೆಗೆ ಹೊಸದೇನು ಬಂದರೂ ಅವನು ಮೊದಲು ನನ್ನ ಕೈಚೀಲ ತಡಕುತ್ತಾನೆ. ತಡಕಲಿ. ಶೀಶೆಯನ್ನು ನಾನು ಈಗ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ.