ಹೊಟ್ಟಿನ ಗುಡ್ಡದ ಮೇಲೆ ಈಜಿಪ್ಟು

ಬೆಳಿಗ್ಗೆ ಚಹಾಕ್ಕೆ ನೀರಿಡುವ ಮೊದಲು ಹೊಲಿಗೆ ಯಂತ್ರದ ಗಾಲಿಗೆ ಒಂದು ಬೊಟ್ಟು ಕುಂಕುಮ ಹಚ್ಚಿ, ಹುಲಿಗೆಮ್ಮನ ಹೆಸರು ಹೇಳಿ, ಗಾಲಿಯನ್ನು ಒಂದು ಸುತ್ತು ತಿರುಗಿಸುವುದು ಗಂಗಾವತಿಯ ಸುಕನ್ಯಳ ಪದ್ಧತಿ. ಹೊಲಿಯುವುದು ಇರಲಿ ಬಿಡಲಿ, ಜ್ವರ ಬರಲಿ, ನೆಂಟರು ಬರಲಿ, ಅದೊಂದು ತಪ್ಪಿದ್ದಿಲ್ಲ. ಆ ಸೋಮವಾರ ಮಾತ್ರ ಗಾಲಿ ತಿರುಗಿಸುತ್ತ ತಾಯಿಯ ಸನ್ನಿಧಿಗೆ ಹೊಸ ಅರ್ಜಿಯೊಂದನ್ನು ಸಲ್ಲಿಸಿದಳು.

"ತಾಯಿ, ಒಂಟಿ ಮ್ಯಾಲೆ ಏನು ಹಾಕ್ಕೊಂಡು ಕುಂದ್ರಬೇಕು, ನೀನ ಹೇಳು."

ವಿಷಯ ಇಷ್ಟು. ಗಂಡ ಪಂಪಾಪತಿ ಮುನಿರಾಬಾದಿನ ನೀರಾವರಿ ಕಚೇರಿಯಿಂದ ನಿವೃತ್ತನಾದ ಸಂತೋಷಕ್ಕೆ (ಸಂತೋಷ ಅವನದೋ ಕಚೇರಿಯದೋ ಇನ್ನೂ ತೀರ್ಮಾನವಾಗಿಲ್ಲ) ದಂಪತಿಗಳು ಈಜಿಪ್ಟಿಗೆ ಹೊರಟಿದ್ದರು. ನಾಲ್ಕು ದಿನ ನೈಲ್ ನದಿಯಲ್ಲಿ ಹಡಗು, ಎರಡು ದಿನ ಮರಳುಗಾಡು, ಅಲ್ಲಿ ಒಂದು ಸಂಜೆ ಒಂಟೆ ಸವಾರಿ. ಶನಿವಾರ ಪ್ರಯಾಣ. ಪ್ರವಾಸದವರು ಮೊಬೈಲಿಗೆ ಕಳಿಸಿದ ಆಜ್ಞೆ ಹೀಗಿತ್ತು: ಒಬ್ಬರಿಗೆ ಒಂದೇ ಚೀಲ, ಆರಾಮದಾಯಕ ಉಡುಪು ಮಾತ್ರ.

ಒಂಟೆಯೆಂದರೆ ಸುಕನ್ಯಳಿಗೆ ಸಣ್ಣ ಮಾತಲ್ಲ. ಅವಳು ಎಂಟು ವರ್ಷದವಳಿದ್ದಾಗ ಓಣಿಗೆ ಒಂಟೆ ಬಂದಿತ್ತು. ಅಣ್ಣಂದಿರನ್ನೆಲ್ಲ ಹತ್ತಿಸಿ, ಲಂಗ ಹಾರುತ್ತದೆಂದು ಇವಳೊಬ್ಬಳನ್ನು ಕೆಳಗೆ ನಿಲ್ಲಿಸಿದ್ದರು. ಆ ಒಂಟೆ ತಿರುಗಿ ನೋಡಿದ ರೀತಿ ಅವಳಿಗೆ ಐವತ್ತೈದರಲ್ಲೂ ನೆನಪಿತ್ತು.

ಪಂಪಾಪತಿಗೆ ನೆನಪಿದ್ದದ್ದು ಬೇರೆ. ಮೂರು ವರ್ಷದ ಹಿಂದೆ ಕೇದಾರದಲ್ಲಿ ಕುದುರೆ ಹತ್ತುವಾಗ ಇವಳ ಸೀರೆಯ ನಿರಿಗೆ ಜೀನಿಗೆ ಸಿಕ್ಕಿ, ಇಪ್ಪತ್ತೆರಡು ಜನ ಚಳಿಯಲ್ಲಿ ನಡುಗುತ್ತ ಕಾದಿದ್ದರು.

"ಗುರುವಾರ ಸಂಜಿ ಒಳಗ ಒಂಟಿಗೆ ಹೆಸರು ಕೊಡಬೇಕಂತ" ಎಂದ. "ಉಟ್ಟು ಹತ್ತಾಕ ಬರೋವಂಥ ಅರಿವಿ ನಿನ್ನ ಹತ್ರ ಇದ್ರ ಕೊಡತೀನಿ. ಇಲ್ಲಂದ್ರ ನೀ ಬಿಡಾರದಾಗ ಕುಂತು ಚೀಲ ಕಾಯಿ, ನಾ ಹತ್ತಿ ಬರತೀನಿ."

"ಚೀಲ ಕಾಯಾಕ ಈಜಿಪ್ಟಿಗ್ಯಾಕ ಹೋಗಬೇಕ್ರಿ? ಬಸ್ಟ್ಯಾಂಡಿನಾಗ ಕುಂತ್ರ ಆತು."

ಪಕ್ಕದ ಮನೆಯ ಇಮಾಮಬಾನುವಿನ ತಮ್ಮ ಹನ್ನೊಂದು ವರ್ಷ ಸೌದಿಯಲ್ಲಿದ್ದವನು. ಹೀಗಾಗಿ ಓಣಿಯಲ್ಲಿ ಮರಳಿನ ವಿಷಯಕ್ಕೆ ಅವಳದೇ ಕೊನೆಯ ಮಾತು. ಸುಕನ್ಯ ಅವಳನ್ನು ಕೇಳಿದಳು.

"ಹಗಲೆಲ್ಲ ಹಂಚು ಕಾದಂಗ ಕಾಯತೈತ್ರಿ ಅಕ್ಕಾ. ತೆಳ್ಳಗ, ಸಡ್ಲ ಇರಬೇಕು" ಎಂದಳು ಬಾನು. "ಸಂಜಿ ಆತಂದ್ರ ಹಲ್ಲು ಕಟಕಟ. ದಪ್ಪ, ಬಿಗಿ ಇರಬೇಕು."

"ಸಂಜಿ ಒಂಟಿ ಹತ್ತೋರು?"

ಬಾನು ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದಳು. "ನಡುವಿನದು ಹಾಕ್ಕೊಳ್ರಿ."

"ಹೊಳಿ ಮ್ಯಾಲೆ?"

"ನಮ್ಮ ತಮ್ಮ ಹೊಳಿ ನೋಡಿಲ್ರಿ."

ನಡುವಿನದು ಯಾವುದೆಂದು ತಿಳಿಯದೆ ಸುಕನ್ಯ ಎಲ್ಲವನ್ನೂ ಹೊಲಿದಳು. ಮಂಗಳವಾರ ರಾತ್ರಿಯ ಊಟದ ಹೊತ್ತಿಗೆ ಪೈಜಾಮ, ಉದ್ದನೆಯ ಅಂಗಿಯ ಐದು ಜೊತೆ ಸಿದ್ಧ. ಒಂದು ಸಡಿಲ, ಒಂದು ಅದಕ್ಕಿಂತ ಸಡಿಲ, ಒಂದರಲ್ಲಿ ಅವಳ ಜೊತೆ ಇನ್ನೊಬ್ಬರೂ ಇರಬಹುದು. ಎಲ್ಲಕ್ಕೂ ಗಾಳಿ ಆಡಲೆಂದು ತೋಳಿನ ಕೆಳಗೆ ಕಿಂಡಿ.

"ಮರಳು ನೋಡಲಾರದೋರು ಮರಳಿನ ಅರಿವಿ ಹೊಲದ್ರ ಹೆಂಗ?" ಪಂಪಾಪತಿ ರೊಟ್ಟಿ ಮುರಿಯುತ್ತ ಕೇಳಿದ. "ಅಲ್ಲಿ ಹೋಗಿ ಇದು ಎಳಿತೈತಿ, ಅದು ಜಗ್ಗತೈತಿ ಅಂದ್ರ ನಾ ಜವಾಬ್ದಾರ ಅಲ್ಲ."

ಆಗಲೇ ಅವಳಿಗೆ ಆ ದಿವ್ಯ ಯೋಚನೆ ಹೊಳೆದದ್ದು. ಅಕ್ಕ ಕಳಕಮ್ಮನ ಮನೆ ಕಾರಟಗಿಯ ಒಂದು ಅಕ್ಕಿ ಗಿರಣಿಯ ಆವರಣದಲ್ಲೇ ಇತ್ತು. ಗಿರಣಿಯ ಹಿಂದೆ ಭತ್ತದ ಹೊಟ್ಟಿನ ಗುಡ್ಡ. ಬಣ್ಣ ಮರಳಿನದೇ, ಕಾಲಿಟ್ಟರೆ ಮರಳಿನಂತೆಯೇ ಕುಸಿತ, ಮೇಲೆ ಕಾರಟಗಿಯ ಬಿಸಿಲು. ಈಜಿಪ್ಟಿಗೆ ಇನ್ನೇನು ಬೇಕು?

ಬುಧವಾರ ಮಧ್ಯಾಹ್ನ ಸುಕನ್ಯ ಐದು ಜೊತೆಯ ಗಂಟು ಹೊತ್ತು ಅಲ್ಲಿ ಇಳಿದಳು.

"ಏ ತಂಗಿ, ಹೊಟ್ಟಿನಾಗ ಸಣ್ಣ ಮುಳ್ಳಿನಂಥ ಸುಂಕು ಇರತೈತಿ, ಮೈ ಕಡೀತೈತಿ" ಎಂದಳು ಕಳಕಮ್ಮ.

"ಮೈ ತುಂಬ ಅರಿವಿ ಐತಲ್ಲಕ್ಕ. ಸುಂಕು ಎಲ್ಲಿಂದ ಬರತೈತಿ?"

(ಎಲ್ಲಿಂದ ಬರುತ್ತದೆ ಎಂಬುದನ್ನು ತೋಳಿನ ಕೆಳಗೆ ಅವಳೇ ಹೊಲಿದಿಟ್ಟಿದ್ದಳು.)

ಒಂದೊಂದು ಜೊತೆಗೂ ಒಂದೊಂದು ಯಾತ್ರೆ. ಮೊಣಕಾಲು ಮುಳುಗಿಸಿಕೊಂಡು ಗುಡ್ಡ ಹತ್ತುವುದು, ಮೇಲೆ ಕೂರುವುದು, ಜಾರಿ ಇಳಿಯುವುದು. ಕೆಳಗೆ ಪೇರಿಸಿದ ಅಕ್ಕಿಚೀಲಗಳ ಮೇಲೆ ಎರಡೂ ಕಡೆ ಕಾಲು ಇಳಿಬಿಟ್ಟು, ಒಂಟೆ ನಡೆದ ಹಾಗೆ ಹಿಂದೆ ಮುಂದೆ ತೂಗುವುದು. ಹಮಾಲರು ಬೀಡಿ ಆರಿಸಿ ಸಾಲಾಗಿ ನಿಂತು ನೋಡಿದರು. ಒಬ್ಬ ಮೆಲ್ಲಗೆ ಕೇಳಿದ, "ಏನು ಹರಕಿ ಐತ್ರಿ ಇದು?"

ಕೊನೆಗೆ ಮೂರನೆಯ ಜೊತೆ ಸರ್ವಶ್ರೇಷ್ಠವೆಂದು ತೀರ್ಮಾನವಾಯಿತು. ಅದನ್ನು ಗಂಡನಿಗೆ ಫೋನಿನಲ್ಲಿ ಸಾರಿ, ಬಂದ ಸೀರೆಯನ್ನೇ ಉಟ್ಟು, ಬಸ್ಸು ಹತ್ತಿದಳು.

ಸಿದ್ದಾಪುರ ದಾಟುವಾಗ ಬೆನ್ನಿನಲ್ಲಿ ಶುರುವಾಯಿತು. ಆಮೇಲೆ ಕುತ್ತಿಗೆ, ಆಮೇಲೆ ಹೆಸರು ಹೇಳಲಾಗದ ಜಾಗಗಳು. ಪಕ್ಕದ ಹೆಂಗಸು ಮೊದಲು ಮಗುವನ್ನು ಆಚೆ ಸರಿಸಿದಳು, ನಂತರ ತಾನೂ ಎದ್ದು ನಿಂತಳು. ಮನೆ ಮುಟ್ಟಿದ್ದೇ ಸುಕನ್ಯ ಗಂಟನ್ನು ಎಸೆದು ಬಚ್ಚಲಿಗೆ ಓಡಿದಳು.

ಇತ್ತ ಪಂಪಾಪತಿಗೆ ಮೂವತ್ತೊಂದು ವರ್ಷದ ಸಂಸಾರದಲ್ಲಿ ಎಂದೂ ಬಾರದ ಸಹಾಯಬುದ್ಧಿ ಅಂದೇ ಬಂತು. ಆ ಗಂಟನ್ನೂ, ಪ್ರಯಾಣಕ್ಕೆಂದು ತೆಗೆದಿಟ್ಟ ತನ್ನ ಬನಿಯನ್ನು, ಪ್ಯಾಂಟುಗಳನ್ನೂ ಒಟ್ಟಿಗೆ ವಾಷಿಂಗ್ ಮಷೀನಿಗೆ ತುಂಬಿ ಗುಂಡಿ ಒತ್ತಿಬಿಟ್ಟ.

ಗುರುವಾರ ಬೆಳಿಗ್ಗೆ ಒಗೆದ ಬನಿಯನ್ನು ತೊಟ್ಟು ಚಹಾ ಕುಡಿಯಲು ಕೂತವನು ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕುತ್ತ ನಿಂತುಬಿಟ್ಟ.

"ಏನು ತಂದು ಹಾಕೀದಿ ಇದರಾಗ?"

"ನಾ ಹಾಕಿಲ್ರಿ. ಹಾಕಿದೋರು ನೀವು."

"ನಿನಗ ಕಷ್ಟ ಆಗಬಾರದಂತ ಹಾಕಿದೆ."

"ಮೂವತ್ತೊಂದು ವರ್ಷ ತಡಕೊಂಡೀರಿ, ಇನ್ನೊಂದು ದಿನ ತಡಕೋಬಾರದಾಗಿತ್ತಾ?"

ಮತ್ತೆ ಮತ್ತೆ ಒಗೆದರು, ಬಿಸಿಲಿಗೆ ಹಾಕಿದರು, ಕೊಡವಿದರು. ತೊಟ್ಟು ನೋಡಿದರೆ ಸರ್ವಶ್ರೇಷ್ಠ ಮೂರನೆಯ ಜೊತೆಯೇ ಎಲ್ಲಕ್ಕಿಂತ ಹೆಚ್ಚು ಕಡಿಯುತ್ತಿತ್ತು. ಸಂಜೆ ನಾಲ್ಕಾಯಿತು. ಪಂಪಾಪತಿ ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಬೆನ್ನು ಹಿಡಿದುಕೊಂಡು ಕೇಳಿದ, "ಒಂಟಿಗೆ ಒಂದ ಹೆಸರು ಅಂತ ಬರೀಲೇನು?"

ಸುಕನ್ಯ ಟ್ರಂಕು ತೆರೆದಳು. ಅದರಲ್ಲಿ ಕೌದಿ ಹೊಲಿಯಲೆಂದು ಕೂಡಿಟ್ಟ ಹಳೆಯ ವಾಯಿಲ್ ಸೀರೆಗಳಿದ್ದವು. ಉಟ್ಟೂ ಒಗೆದೂ ಮೈಗೆ ತಾಗಿದ್ದೇ ತಿಳಿಯದಷ್ಟು ಮೆತ್ತಗಾಗಿದ್ದವು. ಒಂದನ್ನು ತೆಗೆದು, ಅವ್ವ ಗದ್ದೆಗೆ ನಾಟಿಗಿಳಿಯುವಾಗ ಕಟ್ಟುತ್ತಿದ್ದಂತೆ ಬಿಗಿಯಾಗಿ ಕಚ್ಚೆ ಹಾಕಿ ಉಟ್ಟಳು. ಅಂಗಳಕ್ಕೆ ಹೋಗಿ ಗಂಡನ ಮೋಟಾರು ಸೈಕಲ್ಲನ್ನು ಒಂದೇ ಸಲಕ್ಕೆ ಏರಿ, ಎರಡೂ ಕಡೆ ಕಾಲು ಬಿಟ್ಟು ಕೂತಳು. ಎಲ್ಲಿಯೂ ಎಳೆಯಲಿಲ್ಲ, ಜಗ್ಗಲಿಲ್ಲ, ಕಡಿಯಲಿಲ್ಲ. ಒಂದು ಹೊಲಿಗೆಯನ್ನೂ ಹಾಕದ ಬಟ್ಟೆ ಇಷ್ಟು ಆರಾಮವಾಗಿದ್ದದ್ದು ಹೊಲಿಯುವವಳ ಮನಸ್ಸಿಗೆ ಸ್ವಲ್ಪ ಚುಚ್ಚಿತು, ಅಷ್ಟೆ.

"ಎರಡು ಹೆಸರು ಬರೀರಿ."

ಪಂಪಾಪತಿ ಬರೆದ. "ಮತ್ತ ಆ ಐದು ಜೊತಿ?"

"ಕೌದಿ ಹೊಲೀತೀನಿ."

"ಕಡಿಯೋ ಕೌದಿ ಯಾರು ಹೊದಕೋಬೇಕು?"

"ಚೀಲ ಕಾಯಿ ಅಂದೋರು."

ಅಷ್ಟರಲ್ಲಿ ಕಳಕಮ್ಮನ ಫೋನು. ಬುಧವಾರದ ಪ್ರದರ್ಶನ ಅವಳಿಗೆ ಬಹಳ ಹಿಡಿಸಿತ್ತು.

"ತಂಗಿ, ಮರಳು ಮುಗೀತು, ಹೊಳಿ ಉಳೀತಲ್ಲ. ಆನೆಗೊಂದಿಯಾಗ ದೋಣಿಯವರು ನಮಗ ಗೊತ್ತಿದ್ದೋರದಾರ. ನಾಳೆ ಮುಂಜಾನೆಯಿಂದ ಮಧ್ಯಾಹ್ನದ ತನಕ ದೋಣ್ಯಾಗ ಕುಂದ್ರಸ್ತೀನಿ. ಎಲ್ಲಾ ಅರಿವಿ ತಗೊಂಡು ಬಾ, ಒಂದೊಂದ ಹಾಕ್ಕೊಂಡು ನೋಡೀವಂತ."

ಸುಕನ್ಯ ಮೋಟಾರು ಸೈಕಲ್ಲಿನಿಂದ ಇಳಿಯದೆ, ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, ಎರಡೂ ಕೈಯಿಂದ ಕುತ್ತಿಗೆ ಕೆರೆದುಕೊಂಡಳು.

"ಬ್ಯಾಡಕ್ಕ. ಹೊಳಿ ತೋಯಿಸತೈತಿ. ಅಷ್ಟು ನನಗ ನೋಡಲಾರದನ ಗೊತ್ತೈತಿ."