ಓಣಿಗೆ ಬಂದ ಹನ್ನೊಂದು ಮರ

"ಮಳಿಗಾಲ ಹಿಡಿಯೂದ್ರಾಗ ಈ ಕಾಲೋನ್ಯಾಗ ಒಂದು ಅಪಾಯದ ಮರನೂ ಇರಬಾರ್ದು!"

ಹಗರಿಬೊಮ್ಮನಹಳ್ಳಿಯ ನೌಕರರ ಕಾಲೋನಿ ಸಂಘದ ಅಧ್ಯಕ್ಷ ಸುಂಕಪ್ಪ ಹೀಗೆ ಗರ್ಜಿಸಿದ್ದು ಎಂಬತ್ತೆರಡರ ಬೇಸಿಗೆಯಲ್ಲಿ. ಕಚೇರಿಯಲ್ಲಿ ಬರೀ ಗುಮಾಸ್ತ, ಸಂಘದಲ್ಲಿ ಮಾತ್ರ ಸಾಕ್ಷಾತ್ ಚಕ್ರವರ್ತಿ! ಠರಾವು ಪಾಸಾಯಿತು: ಯಾರ ಬೇಲಿಯೊಳಗೆ ಮರವೋ, ಅವರದೇ ಹೊಣೆ.

ಮೀಸೆ ತಿರುವುತ್ತ ಮನೆಗೆ ಬಂದರೆ ಹೆಂಡತಿ ಉಚ್ಚಂಗೆಮ್ಮ ಕಾದಿದ್ದಳು. "ಮೊದ್ಲು ನಮ್ಮ ಬೇವಿನ ಮರ ನೋಡ್ರಿ. ಓಣಿ ದಾಟಿ ಗಾಳೆಮ್ಮನ ಅಡಿಗಿಮನಿ ಮ್ಯಾಲೆ ವಾಲೈತಿ. ಗಾಳಿ ಬೀಸಿದ್ರ ಪಾಪ, ಆಕಿ ಒಲಿ ಬಿಟ್ಟು ಹೊರಗ ಓಡ್ತಾಳ."

ಗಾಳೆಮ್ಮ ಎದುರುಮನೆಯ ಬಾಲವಾಡಿ ಆಯಾ. ತನ್ನ ಠರಾವು ತನಗೇ ಸುತ್ತಿಕೊಂಡಿತೆಂದು ಸುಂಕಪ್ಪ ಮೀಸೆಯಿಂದ ಕೈ ತೆಗೆದ. ಮರ ಕಡಿಸೋದೇನು ಹುಡುಗಾಟವೇ? ಆಳು ಹುಡುಕಬೇಕು, ರಜೆ ಹಾಕಬೇಕು, ಮೇಲಾಗಿ ಬೇವಿಗೆ ಕೊಡಲಿ ಹಾಕಿದ ಪಾಪ!

ಕಾಲೋನಿಯ ನಕ್ಷೆ ತೆಗೆದು ಅಳೆದ. ಅಳೆದವನೇ ಕುಣಿದ! ಸೈಟಿನ ಗಡಿಕಲ್ಲು ಬೇಲಿಗಿಂತ ಎರಡು ಗಜ ಒಳಗಿತ್ತು, ಮರ ಕಲ್ಲಿನ ಆಚೆಗಿತ್ತು. ವರ್ಷವರ್ಷ ಹೊಸ ಜಾಲಿಮುಳ್ಳು ಹಚ್ಚುವಾಗೆಲ್ಲ ಬೇಲಿಯನ್ನು ಒಂದೊಂದು ಗೇಣು ಓಣಿಗೆ ನೂಕೋದು ಕಾಲೋನಿಯ ಪದ್ಧತಿ. ಹಾಗೇ ಓಣಿಯ ಮರ ಇವನ ಅಂಗಳಕ್ಕೆ ಬಂದಿತ್ತು.

"ಲೇ ಉಚ್ಚಂಗಿ, ಮರ ನಮ್ದಲ್ಲ! ಓಣೀದು!"

ಅವತ್ತೇ ಬೇಲಿ ಕಿತ್ತು ಗಡಿಕಲ್ಲಿಗೆ ತಂದು ನಿಲ್ಲಿಸಿದ. ಕೈತುಂಬ ಮುಳ್ಳು, ಮುಖತುಂಬ ನಗೆ.

ಪಕ್ಕದ ಮನೆಯ ಯರ್ರೆಪ್ಪ ಇದನ್ನು ಕಣ್ಣುಬಿಟ್ಟು ನೋಡಿದ. ಸಂಜೆಗೆ ಅವನ ಬೇಲಿಯೂ ಹಿಂದೆ ಹೋಯಿತು. ಮರುದಿನ ಮತ್ತೆ ನಾಲ್ಕು. ವಾರದಲ್ಲಿ ಇಡೀ ಕಾಲೋನಿಗೆ ಪ್ರಾಮಾಣಿಕತೆಯ ಜ್ವರ! ಎತ್ತಿನಗಾಡಿ ನುಗ್ಗದ ಓಣಿಯಲ್ಲಿ ಈಗ ಲಾರಿ ಓಡಿಸಬಹುದಿತ್ತು. ನಡುವೆ ಹನ್ನೊಂದು ಮರ ಅನಾಥವಾಗಿ ನಿಂತಿದ್ದವು.

"ಓಣಿ ಯಾರ್ದರಿ, ಅಧ್ಯಕ್ಷರ?" ಓಣಿಯಲ್ಲಿ ನೆರೆದ ಕಾಲೋನಿಯವರೆಲ್ಲರ ಮುಂದೆ ಯರ್ರೆಪ್ಪ ಬಲು ವಿನಯದಿಂದ ಕೇಳಿದ.

"ಸಂಘದ್ದು," ಅಂದುಬಿಟ್ಟ ಸುಂಕಪ್ಪ. ಅಂದಮೇಲೆ ನಾಲಿಗೆ ಕಚ್ಚಿಕೊಂಡ: ಸಂಘದ ಹೊಣೆಯೆಂದರೆ ಅಧ್ಯಕ್ಷನ ಹೊಣೆ! ಎಲ್ಲರೂ ಕೈಮುಗಿದು ತಮ್ಮ ತಮ್ಮ ಮನೆಗೆ ಹೋದರು.

ಗಾಳೆಮ್ಮ ಮಾತ್ರ ಹೋಗಲಿಲ್ಲ. "ಅಣ್ಣಾರ, ನಿಮ್ಮ ಬೇಲಿ ಎರಡು ಗಜ ಸರೀತು, ಛಲೋ ಆತು. ಆದ್ರ ಟೊಂಗಿ ನನ್ನ ಒಲಿ ಮ್ಯಾಲಿಂದ ಒಂದು ಬಟ್ಟೂ ಸರಿದಿಲ್ಲ ನೋಡ್ರಿ."

ಸುಂಕಪ್ಪನಿಗೆ ನಾಚಿಕೆಯಾಯಿತು. ನಿಜವಾಗಿಯೂ ಆಯಿತು. ವಾರವಿಡೀ ಮರ ಯಾರದೆಂದು ಅಳೆದದ್ದೇ ಅಳೆದದ್ದು. ಅದರ ಕೆಳಗೆ ಕೂತು ರೊಟ್ಟಿ ಬಡಿಯುವವಳು ಯಾರೆಂದು ಒಂದು ಸಲವೂ ತಲೆಯೆತ್ತಿ ನೋಡಿರಲಿಲ್ಲ.

"ನಾಳಿ ಮುಂಜಾನೀನ ನಾನ ಮರ ಹತ್ತಿ ಟೊಂಗಿ ಇಳಸ್ತೀನಿ, ತಂಗಿ," ಅಂದ ಮೆಲ್ಲಗೆ.

ಉಚ್ಚಂಗೆಮ್ಮ ಹಣೆ ಬಡಿದುಕೊಂಡಳು. "ನೀವು ಹತ್ತಿದ್ರ ಆಕಿ ಅಡಿಗಿಮನಿ ಮ್ಯಾಲೆ ಎರಡು ಅಪಾಯ ಆಗ್ತಾವ! ಮರ ಕಡಿಯೋ ದುರುಗಪ್ಪನ್ನ ಕರೀರಿ. ನೀವು ಕೆಳಗ ನಿಂತು ಹಗ್ಗ ಹಿಡೀರಿ ಸಾಕು."