ಮಗ್ಗಿಗೊಂದು ಹಪ್ಪಳದ ಉಂಡೆ

ಲೆಕ್ಕದ ಮೇಷ್ಟ್ರ ಮಗಳಿಗೇ ಏಳರ ಮಗ್ಗಿ ಬರುವುದಿಲ್ಲವೆಂದರೆ ಆ ಮೇಷ್ಟ್ರು ಊರಲ್ಲಿ ತಲೆಯೆತ್ತಿ ನಡೆಯುವುದು ಹೇಗೆ? ಆ ನತದೃಷ್ಟ ಮೇಷ್ಟ್ರು ನಾನೇ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ನಮ್ಮ ಮನೆಯ ಕತ್ತಲೆಯ ಹೆಸರು ಮೇಧಾ. ನಾಲ್ಕನೇ ಕ್ಲಾಸು ಮುಗಿಸಿ ಬೇಸಿಗೆ ರಜೆಯಲ್ಲಿದ್ದಳು.

ಮೊದಲು ಮೊಬೈಲಿನಲ್ಲಿ ಮಗ್ಗಿಯ ಆಟವೊಂದನ್ನು ಹಾಕಿಕೊಟ್ಟೆ. ಸರಿಯುತ್ತರಕ್ಕೊಂದು ನಕ್ಷತ್ರ, ಹತ್ತು ನಕ್ಷತ್ರಕ್ಕೆ ಆಟದೊಳಗಿನ ಮೊಲಕ್ಕೊಂದು ಅಂಗಿ. ವಾರದೊಳಗೆ ಮೊಲ ಮದುಮಗಳಂತೆ ಸಿಂಗಾರಗೊಂಡಿತು. ಮಗಳು ಪರದೆಯ ಮೇಲಿನ ನಾಲ್ಕು ಉತ್ತರಗಳನ್ನೂ ಒಂದಾದ ಮೇಲೊಂದು ಒತ್ತಿ ನೋಡುತ್ತಿದ್ದಳೆಂದು ಆಮೇಲೆ ತಿಳಿಯಿತು.

ಅಷ್ಟರಲ್ಲಿ ಹೊಸನಗರದಲ್ಲಿ ಶಿಕ್ಷಕರ ಕಾರ್ಯಾಗಾರ ನಿಗದಿಯಾಯಿತು. ವಿಷಯ, ಆಟದಿಂದ ಪಾಠ. 'ನನ್ನ ಮಗಳನ್ನೇ ನಿಲ್ಲಿಸಿ ತೋರಿಸ್ತೀನಿ' ಎಂದು ನಲವತ್ತು ಮೇಷ್ಟ್ರುಗಳ ವಾಟ್ಸಾಪ್ ಗುಂಪಿನಲ್ಲಿ ಬರೆದುಬಿಟ್ಟೆ. (ಅಳಿಸೋಣವೆನ್ನುವಷ್ಟರಲ್ಲಿ ಹದಿನೆಂಟು ಹೆಬ್ಬೆರಳು ಬಂದಾಗಿತ್ತು.) ಇನ್ನು ಹಿಂದೆ ಸರಿಯುವ ಮಾತೇ ಇಲ್ಲ. ಇದ್ದದ್ದು ಹತ್ತೇ ದಿನ. ಕಲಿಸಲೇಬೇಕು, ಇಲ್ಲವಾದರೆ ನಲವತ್ತು ಜನರೆದುರು ಮಾನ ಹರಾಜು.

ಅದು ಹಲಸಿನ ಹಪ್ಪಳದ ಕಾಲ. ಹೆಂಡತಿ ಅಪರ್ಣಾ ಬೇಯಿಸಿದ ಹಲಸಿನ ತೊಳೆಗೆ ಉಪ್ಪು ಖಾರ ಹಾಕಿ ರುಬ್ಬಿ, ಹಪ್ಪಳ ಒತ್ತಲು ಉಂಡೆ ಕಟ್ಟುತ್ತಿದ್ದಳು. ಆ ಹಸಿ ಉಂಡೆಗೆ ಕೊಬ್ಬರಿ ಎಣ್ಣೆ ಹಚ್ಚಿ ತಿನ್ನುವ ಸುಖಕ್ಕೆ ನಮ್ಮ ಕಡೆಯ ಮಕ್ಕಳು ಏನು ಬೇಕಾದರೂ ಮಾಡಿಯಾರು. ನನಗೆ ಜ್ಞಾನೋದಯವಾಯಿತು! ನಿನ್ನೆ ತಪ್ಪು ಹೇಳಿದ್ದನ್ನು ಇವತ್ತು ಸರಿ ಹೇಳಿದರೆ ಒಂದು ಉಂಡೆ. ಮೊದಲೇ ಬರುವುದನ್ನು ಹೇಳಿದರೆ ಏನೂ ಇಲ್ಲ. 'ಪ್ರಗತಿಗೆ ಮಾತ್ರ ಪುರಸ್ಕಾರ' ಎಂದು ರಟ್ಟಿನ ಮೇಲೆ ಬರೆದು ಗೋಡೆಗೆ ತೂಗುಹಾಕಿದೆ.

ಮೊದಲ ದಿನ ಹತ್ತಕ್ಕೆ ಹತ್ತೂ ತಪ್ಪು. ಮರುದಿನ ಹತ್ತೂ ಸರಿ! ಮೂರನೇ ದಿನ ಮತ್ತೆ ಎಲ್ಲ ತಪ್ಪು, ನಾಲ್ಕನೇ ದಿನ ಮತ್ತೆ ಸರಸ್ವತಿ ನಾಲಗೆಯ ಮೇಲೆ.

"ಮರೆಯೋದೂ ಕಲಿಕೆಯ ಒಂದು ಹಂತ ಕಣೇ" ಎಂದು ಅಪರ್ಣಾಗೆ ವಿವರಿಸಿದೆ.

"ಹಂತವೋ ಎಂತದೋ. ದಿನ ಬಿಟ್ಟು ದಿನ ಹತ್ತು ಉಂಡೆ ಇವಳ ಹೊಟ್ಟೆಗೇ ಹೋದ್ರೆ ನಾನು ಎಂತ ಒತ್ಲಿ ಮಾರಾಯ್ರೆ?"

"ಶಿಕ್ಷಣಕ್ಕೋಸ್ಕರ ಸ್ವಲ್ಪ ತ್ಯಾಗ ಮಾಡ್ಬೇಕು."

"ನೀವೇ ಮಾಡಿ. ಮಳೆಗಾಲದಲ್ಲಿ ಹಪ್ಪಳ ಕರಿ ಅಂತ ಬರ್ಬೇಡಿ ಮತ್ತೆ."

ಹತ್ತನೇ ದಿನ ಹತ್ತೂ ಸರಿಯಾಯಿತು. ಮರುದಿನ ಡಬ್ಬಿಯಲ್ಲಿ ಉಂಡೆ ತುಂಬಿಕೊಂಡು, ಮಗಳ ಕೈಹಿಡಿದು, ದಂಡಯಾತ್ರೆ ಹೊರಟ ದೊರೆಯ ಹಾಗೆ ಹೊಸನಗರದ ಬಸ್ಸು ಹತ್ತಿದೆ. ಕಾರ್ಯಾಗಾರದ ಮುಖ್ಯಸ್ಥ ಹೂವಯ್ಯ ಸರ್ ಮುಂದಿನ ಸಾಲಿನಲ್ಲೇ ಕೂತಿದ್ದರು. ಮಗಳ ಎದುರು ಮೈಕು ಹಿಡಿದೆ.

"ಏಳೆಂಟ್ಲ?"

"ಹದಿಮೂರು."

"ಏಳಾರ್ಲ?"

"ನೂರು."

ಸಭೆ ಗೊಳ್ಳೆಂದಿತು. ನಾನು ಬಗ್ಗಿ ಪಿಸುಗುಟ್ಟಿದೆ, "ಮೇಧಾ, ನಿನ್ನೆ ಎಲ್ಲ ಸರಿ ಹೇಳಿದ್ಯಲ್ಲೇ!"

"ಅದಕ್ಕೇ ಅಪ್ಪಾ. ಇವತ್ತು ತಪ್ಪು ಹೇಳ್ದಿದ್ರೆ ನಾಳೆ ಉಂಡೆ ಹೆಂಗೆ ಸಿಗ್ತದೆ?" (ಮೈಕು ಆರಿಸುವುದು ಮರೆತಿತ್ತು.)

ಹೂವಯ್ಯ ಸರ್ ಎದ್ದು ಬಂದರು. "ಹಂಗಾದ್ರೆ ನಿಂಗೆ ಮಗ್ಗಿ ಬರ್ತದಾ ಮಗು?"

"ಹೋದ ವರ್ಷನೇ ಬರ್ತಿತ್ತು ಸರ್. ಚಾಪೆ ಮೇಲೆ ಹಪ್ಪಳ ಒಣಗಿಸ್ತಾ ಅಮ್ಮ ಹೇಳ್ಕೊಟ್ಟಿದ್ದು. ಸಾಲಿಗೆ ಏಳು, ಎಂಟು ಸಾಲು, ಐವತ್ತಾರು."

"ಮತ್ತೆ ಅಪ್ಪನ ಹತ್ರ ಬರೋದಿಲ್ಲ ಅಂತ ಯಾಕೆ ಹೇಳ್ದೆ?"

"ಬರ್ತದೆ ಅಂದ್ರೆ ಅಪ್ಪ ಪೇಪರ್ ಓದ್ತಾರೆ. ಬರೋದಿಲ್ಲ ಅಂದ್ರೆ ನನ್ ಜೊತೆ ಆಟ ಆಡ್ತಾರೆ."

ಮಾನ ಹೋದ ಸಂಕಟ ಒಂದು ಕಡೆ, ಮಗಳನ್ನು ಅಲ್ಲೇ ಎತ್ತಿಕೊಳ್ಳಬೇಕೆನ್ನುವ ಮುದ್ದು ಇನ್ನೊಂದು ಕಡೆ. ಏನು ಮಾಡಬೇಕೆಂದು ತೋಚದೆ ಡಬ್ಬಿಯನ್ನು ಅವಳ ಕೈಗಿತ್ತೆ. ಹೂವಯ್ಯ ಸರ್ ಮಾತ್ರ, ತೀರ್ಥಹಳ್ಳಿಯಲ್ಲಿ ನಡೆಯುವ ಮುಂದಿನ ಕಾರ್ಯಾಗಾರಕ್ಕೆ ಮೇಧಾಳ ಅಮ್ಮನೇ ಬಂದು ಮಾತಾಡಬೇಕೆಂದು ಅಲ್ಲೇ ಸಾರಿಬಿಟ್ಟರು.

ಅದು ಎರಡು ದಿನದ ಕಾರ್ಯಾಗಾರ. ಇವತ್ತು ಬೆಳಿಗ್ಗೆ ಅಪರ್ಣಾ ಇಸ್ತ್ರಿ ಮಾಡಿದ ಸೀರೆಯುಟ್ಟು ಹೊರಟಳು. ನಾನು ಅಂಗಳದಲ್ಲಿ ಕೋಲು ಹಿಡಿದು ಹಪ್ಪಳ ಕಾಯುತ್ತಿದ್ದೇನೆ. ಗೋಡೆಯ ರಟ್ಟನ್ನು ಮಗಳು ತಿರುಗಿಸಿ ಹೊಸದಾಗಿ ಬರೆದಿದ್ದಾಳೆ: 'ನಿನ್ನೆಗಿಂತ ಕಡಿಮೆ ಹಪ್ಪಳ ಕಾಗೆ ಪಾಲಾದರೆ ಅಪ್ಪನಿಗೆ ಒಂದು ಉಂಡೆ.'

ಈಗಾಗಲೇ ಎರಡು ಹೋಗಿವೆ. ಕಾಗೆ ಬಂದದ್ದು ನನಗೆ ಕಾಣಲಿಲ್ಲವೆಂದಲ್ಲ. ನಾಳೆ ಪ್ರಗತಿ ತೋರಿಸಬೇಕಲ್ಲ!